ಕಾಸರಗೋಡಿನಿಂದ ಅಂಡಮಾನಿಗೆ: ರೂಮಿಗಿಂತ ಮೊದಲು ಬೋಟು

ಕಾಸರಗೋಡು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅಂಡಮಾನಿನ ಹ್ಯಾವ್‌ಲಾಕ್ 12 ಡಿಗ್ರಿಯ ಆಸುಪಾಸಿನಲ್ಲಿ. ಅದೇ ತೆಂಗು, ಅದೇ ಅಡಕೆ, ಅದೇ ಉಪ್ಪುಗಾಳಿ. ಹಾಗಾಗಿ ನಮ್ಮವರು "ಅಲ್ಲೇನುಂಟು ಹೊಸತು, ಹೋಗಿ ನೋಡಿಕೊಂಡರಾಯಿತು" ಎಂದು ಹೊರಟುಬಿಡುತ್ತಾರೆ. ಎಡವುವುದು ಅಲ್ಲೇ.

ಅಂಡಮಾನ್ ನಮಗಿಂತ ಸುಮಾರು 18 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಅಂದರೆ ಸೂರ್ಯ ಅಲ್ಲಿ ಒಂದು ಗಂಟೆ ಹತ್ತು ನಿಮಿಷ ಮುಂಚಿತ. ಡಿಸೆಂಬರಿನಲ್ಲಿ ಐದು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗಿ, ಐದೂವರೆಗೆ ಕತ್ತಲೆ. ಒಂಬತ್ತಕ್ಕೆ ತಿಂಡಿ, ಹತ್ತಕ್ಕೆ ಹೊರಡುವುದು ಎಂಬ ಊರಿನ ಲೆಕ್ಕ ಹಿಡಿದರೆ ದಿನ ಅರ್ಧ ಕೈಬಿಟ್ಟ ಹಾಗೆ. ಆರು ಗಂಟೆಗೆ ರೂಮು ಬಿಡಿ, ಮಧ್ಯಾಹ್ನ ಮಲಗಿ.

ಮಳೆಯ ಲೆಕ್ಕವೂ ಬೇರೆ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಅಂಡಮಾನಿಗೆ ಅದು ಸುಮಾರು ಹತ್ತು ದಿನ ಮೊದಲೇ ತಲುಪುತ್ತದೆ. ನಮ್ಮಲ್ಲಿ ಆಕಾಶ ತಿಳಿಯಾಗುವ ನವೆಂಬರ್, ಡಿಸೆಂಬರಿನಲ್ಲೂ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಟ ಇರುತ್ತದೆ. ಮಕ್ಕಳು ಕೇರಳದ ಶಾಲಾ ಕ್ಯಾಲೆಂಡರಿನವರಾದರೆ ಓಣಂ ರಜೆಯನ್ನು ಮರೆತುಬಿಡಿ, ಅದು ಅಲ್ಲಿ ನಡು ಮಳೆಗಾಲ. ಕ್ರಿಸ್‌ಮಸ್ ರಜೆಯಲ್ಲಿ ವಿಮಾನದ ದರ ಏರಿರುತ್ತದೆ, ಜನಜಂಗುಳಿ ಬೇರೆ. ಬಿಸು ಕಣಿ ಮುಗಿಸಿ ಹೊರಟು ಏಪ್ರಿಲ್ ಕೊನೆಯೊಳಗೆ ಹಿಂತಿರುಗುವುದೇ ನಮಗೆ ಸರಿ. ಸೆಕೆ ಇರುತ್ತದೆ, ಆದರೆ ಸಮುದ್ರ ಶಾಂತ.

ಈಗ ಮುಖ್ಯ ವಿಷಯ. ಹೆಚ್ಚಿನವರು ಮೊದಲು ರೂಮು, ಆಮೇಲೆ ವಿಮಾನ, ಕಟ್ಟಕಡೆಗೆ ಪೋರ್ಟ್ ಬ್ಲೇರಿನಿಂದ ಹ್ಯಾವ್‌ಲಾಕ್, ನೀಲ್ ದ್ವೀಪಗಳಿಗೆ ಹೋಗುವ ಬೋಟ್ ನೋಡುತ್ತಾರೆ. ರೂಮನ್ನು ಮಾತ್ರ ಕೊನೆಗಿಡಿ. ಮೊದಲು ಚೆನ್ನೈ ಅಥವಾ ಬೆಂಗಳೂರಿನಿಂದ ವಿಮಾನ, ಅದೇ ದಿನ ಕುಳಿತು ಬೋಟ್, ಕೊನೆಗೆ ರೂಮು. ಬೋಟಿನ ಸೀಟು ಲೆಕ್ಕದ್ದು, ಅದು ತುಂಬಿದರೆ ಹ್ಯಾವ್‌ಲಾಕಿನಲ್ಲಿ ಹಣ ಕಟ್ಟಿದ ರೂಮು ಖಾಲಿ ಬಿದ್ದಿರುತ್ತದೆ, ನೀವು ಪೋರ್ಟ್ ಬ್ಲೇರಿನಲ್ಲಿ ಕುಳಿತಿರುತ್ತೀರಿ. ಹೆಸರಿನ ಗೊಂದಲವೂ ಉಂಟು. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯ ಪುರಂ. ಟಿಕೆಟಿನಲ್ಲಿ ಯಾವ ಹೆಸರಿದ್ದರೂ ಗಾಬರಿ ಬೇಡ. ಎಲ್ಲರ ಅಸಲಿ ಗುರುತುಚೀಟಿ, ಮಕ್ಕಳ ಆಧಾರ್ ಸಹ, ಕೈಚೀಲದಲ್ಲೇ ಇರಲಿ.

ಚೆನ್ನೈ ಮೂಲಕವಾದರೆ ಮಂಗಳೂರು–ಚೆನ್ನೈ ಮೇಲ್ ರೈಲು ಕಾಸರಗೋಡಿನಲ್ಲೇ ಸಿಗುತ್ತದೆ. ಆದರೆ ಬೆಳಿಗ್ಗೆ ಇಳಿದು ಅದೇ ಬೆಳಿಗ್ಗೆಯ ವಿಮಾನ ಹಿಡಿಯುವ ಸಾಹಸ ಬೇಡ. ರೈಲು ಎರಡು ಗಂಟೆ ತಡವಾದರೆ ವಿಮಾನ, ಬೋಟ್, ರೂಮು ಮೂರೂ ಸರಪಳಿಯಂತೆ ತಪ್ಪುತ್ತವೆ. ಹಿಂದಿನ ದಿನವೇ ಚೆನ್ನೈ ಸೇರಿಕೊಳ್ಳಿ. ಸೆಂಟ್ರಲ್‌ನಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೋ ಇದೆ.

ಆರು ರಾತ್ರಿ ಸಾಕು. ಮೊದಲ ದಿನ ಪೋರ್ಟ್ ಬ್ಲೇರ್, ಸೆಲ್ಯುಲರ್ ಜೈಲು (ಮುಚ್ಚಿರುವ ದಿನ ಯಾವುದೆಂದು ಮೊದಲೇ ವಿಚಾರಿಸಿ ಹೊರಡಿ). ಎರಡನೆಯ ಬೆಳಿಗ್ಗೆ ಹ್ಯಾವ್‌ಲಾಕಿಗೆ ಬೋಟ್, ಎರಡು ರಾತ್ರಿ. ನಾಲ್ಕನೆಯ ದಿನ ನೀಲ್‌ಗೆ, ಒಂದು ರಾತ್ರಿ. ಐದನೆಯ ದಿನ ಪೋರ್ಟ್ ಬ್ಲೇರಿಗೆ ವಾಪಸ್. ಆರನೆಯ ದಿನ ಖಾಲಿ. ಏಳಕ್ಕೆ ವಿಮಾನ. ಆ ಖಾಲಿ ದಿನವನ್ನು ಮೊದಲಿಗೆ ಇಟ್ಟುಕೊಳ್ಳುವವರೇ ಜಾಸ್ತಿ, "ಸ್ವಲ್ಪ ಆಯಾಸ ತೀರಿಸಿಕೊಳ್ಳೋಣ" ಎಂದು. ಗಾಳಿ ಎದ್ದರೆ ಬೋಟ್ ರದ್ದಾಗುತ್ತದೆ; ಆಗ ಕೈಯಲ್ಲೊಂದು ದಿನ ಬೇಕಾಗುವುದು ಹಿಂತಿರುಗುವಾಗ. ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು) ಮಾಡುವವರಿಗೆ ಇನ್ನೊಂದು ಕಾರಣ: ಡೈವ್ ಮುಗಿದು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ನೀರಿನ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೇಲಿನ ಕಡಿಮೆ ಒತ್ತಡದಲ್ಲಿ ಗುಳ್ಳೆ ಕಟ್ಟುತ್ತದೆ.

ಬೋಟಿನಲ್ಲಿ ವಾಂತಿಯಾಗದಿರಲು ಕೆಳಗಿನ ಡೆಕ್ಕಿನ ನಡು ಸೀಟು ಕೇಳಿ, ಅಲುಗಾಟ ಅಲ್ಲಿ ಕಡಿಮೆ. ವೈದ್ಯರನ್ನು ಕೇಳಿ ಇಟ್ಟುಕೊಂಡ ಮಾತ್ರೆಯನ್ನು ಹತ್ತುವುದಕ್ಕೆ ಒಂದು ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಎರಡು ಇಡ್ಲಿ ಸಾಕು. ಪೂರಿ, ಹಾಲು ಬೇಡ.

ನೀಲ್‌ನ ಕಲ್ಲಿನ ಕಮಾನಿನ ಬುಡಕ್ಕೆ ನಡೆದು ಹೋಗಲಾಗುವುದು ಸಮುದ್ರದ ಇಳಿತದಲ್ಲಿ ಮಾತ್ರ. ಇಲ್ಲಿ ಗೋಡೆಯ ಕ್ಯಾಲೆಂಡರು ಕೆಲಸಕ್ಕೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ನೀರು ಹೆಚ್ಚು ದೂರ ಹಿಂದೆ ಸರಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ತಲುಪಿದ ದಿನ ಅಲ್ಲಿನ ಬೋಟಿನವರನ್ನು ಒಮ್ಮೆ ಕೇಳಿದರೆ ಉಳಿದ ದಿನಗಳದ್ದು ನೀವೇ ಲೆಕ್ಕ ಹಾಕಬಹುದು.

ಸ್ನಾರ್ಕೆಲಿಂಗ್‌ಗೆ (ಕೊಳವೆಯಿಂದ ಉಸಿರಾಡುತ್ತ ಮುಖ ನೀರಿನಲ್ಲಿಟ್ಟು ತೇಲುವುದು) ಕೊಡುವ ಮಾಸ್ಕನ್ನು ಕೊಟ್ಟ ಹಾಗೆಯೇ ಹಾಕಿಕೊಳ್ಳಬೇಡಿ. ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈಬಿಡಿ. ಅಂಟಿ ನಿಂತರೆ ಅದು ನಿಮ್ಮದು. ಬಿದ್ದರೆ ಬೇರೆ ಕೇಳಿ. ಮೀಸೆಯವರಿಗೆ ಆ ಎಡೆಯಿಂದಲೇ ನೀರು ನುಗ್ಗುತ್ತದೆ, ಮೀಸೆಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ಗಾಜು ಮಂಜಾದರೆ ಒಳಬದಿಗೆ ಉಗುಳು ಸವರಿ ತೊಳೆಯಿರಿ. ಹೇಸಿಗೆ ಅನಿಸಿದರೂ ಡೈವರ್‌ಗಳು ಮಾಡುವುದು ಅದನ್ನೇ. ಹವಳದ ಮೇಲೆ ಕಾಲಿಡಬಾರದು. ಅದಕ್ಕೂ ಕೇಡು, ನಿಮಗೂ ಬೇಗ ಮಾಯದ ಗಾಯ.

ಸಂಜೆ ದಂಡೆಯಲ್ಲಿ ಕಣ್ಣಿಗೆ ಕಾಣದಂಥ ಮರಳ ನುಸಿಗಳಿರುತ್ತವೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ತುರಿಕೆ ಮರುದಿನ. ಮೊಣಕಾಲಿನ ಕೆಳಗೆ ತೆಂಗಿನೆಣ್ಣೆ ದಪ್ಪಗೆ ಹಚ್ಚಿ. ಎಣ್ಣೆ ಮನೆಯದ್ದೇ ಕೊಂಡುಹೋಗಬಹುದು, ಬಾಯಿ ಬಿಗಿದು ದೊಡ್ಡ ಬ್ಯಾಗಿನಲ್ಲಿಡಿ. ಒಣ ಕೊಬ್ಬರಿ ಮಾತ್ರ ಕಟ್ಟಬೇಡಿ, ಬೆಂಕಿ ಹಿಡಿಯುವ ವಸ್ತುವೆಂದು ತೆಗೆಸುತ್ತಾರೆ. ಬರುವಾಗ ಮಕ್ಕಳ ಜೇಬು ತಡವಿ ನೋಡಿ: ದಂಡೆಯಲ್ಲಿ ಹೆಕ್ಕಿದ ಹವಳದ ತುಂಡು ಸತ್ತದ್ದಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ತರುವಂತಿಲ್ಲ.