ನೆರವು ಘಟಕದ ಸರ್ ಮತ್ತು ಕುದ್ಮುಲ್ ರಂಗರಾಯರು

ಸಂವಿಧಾನದ 39ಎ ವಿಧಿಯನ್ನು ಪರೀಕ್ಷೆಗೆ ಬೇಕಾದಷ್ಟು ಹೇಳಿ ಮುಗಿಸಲು ಹತ್ತು ನಿಮಿಷ ಸಾಕು. ಕಾನೂನು ಕಾಲೇಜಿನಲ್ಲಿ ಉಚಿತ ನೆರವು ಘಟಕ ನೋಡಿಕೊಳ್ಳುತ್ತಿದ್ದ ನಮ್ಮ ಸರ್ ಎರಡು ಕ್ಲಾಸ್ ತೆಗೆದುಕೊಳ್ಳುತ್ತಿದ್ದರು. ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂಬ ಈ ಮಾತು ಸಂವಿಧಾನಕ್ಕೆ ಸೇರಿದ್ದು 1976ರ ತಿದ್ದುಪಡಿಯಲ್ಲಿ. ಅದಕ್ಕೂ ಎಷ್ಟೋ ಮೊದಲು ಮಂಗಳೂರಿನ ಕೋರ್ಟಿನಲ್ಲಿ ಒಬ್ಬ ವಕೀಲರು ಬಡವರ ಕೇಸುಗಳನ್ನು ಫೀಸಿಲ್ಲದೆ ನಡೆಸಿದ್ದರು ಎನ್ನುತ್ತಾ ಅವರು ಕುದ್ಮುಲ್ ರಂಗರಾಯರ ಕಡೆ ತಿರುಗಿಬಿಡುತ್ತಿದ್ದರು. ಮಂಗಳೂರಿನ ಪುರಭವನಕ್ಕೆ ಇಟ್ಟಿರುವುದು ಇದೇ ರಂಗರಾಯರ ಹೆಸರು.

ರಂಗರಾಯರು ಹುಟ್ಟಿದ್ದು 1859ರಲ್ಲಿ. ಸಾರಸ್ವತ ಬ್ರಾಹ್ಮಣರು. ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾದರು, ಆಮೇಲೆ ವಕೀಲರಾದರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಅವರ ಮೊಮ್ಮಗ ಜನರಲ್ ಕುಮಾರಮಂಗಲಂ ದೇಶದ ಸೇನಾ ಮುಖ್ಯಸ್ಥರಾದದ್ದನ್ನು ನಮ್ಮೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಸರ್‌ಗೆ ಅದರಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ. ಅವರು ಹಿಡಿದುಕೊಂಡಿದ್ದು ಆ ಶಾಲೆಯಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಮಧ್ಯಾಹ್ನದ ಊಟವನ್ನು. ಕೂಲಿ ಮನೆಯ ಮಗು ಶಾಲೆಗೆ ಬಂದರೆ ಮನೆಯಲ್ಲಿ ಕೆಲಸಕ್ಕೆ ಒಂದು ಕೈ ಕಡಿಮೆ, ಅಲ್ವಾ? ಬಾಗಿಲು ತೆರೆದಿಟ್ಟು ಕುಳಿತರೆ ಯಾರೂ ಬರುವುದಿಲ್ಲ ಎಂದು ರಂಗರಾಯರಿಗೆ ಗೊತ್ತಿತ್ತು ಎನ್ನುತ್ತಿದ್ದರು. ಓದಿನ ಜೊತೆ ನೇಯ್ಗೆಯಂಥ ಕಸುಬನ್ನೂ ಅಲ್ಲಿ ಕಲಿಸುತ್ತಿದ್ದರು.

ಸರ್ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ ನೆರವು ಶಿಬಿರಗಳೂ ಹಾಗೇ. ನಾವು ಮೂಲಭೂತ ಹಕ್ಕುಗಳ ಭಾಷಣ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆವು. ಜನ ಕೇಳುತ್ತಿದ್ದುದು ಹಕ್ಕುಪತ್ರ, ರೇಷನ್ ಕಾರ್ಡ್, ವಿಧವಾ ವೇತನ. ಸರ್ ಮೈಕ್ ಆಫ್ ಮಾಡಿಸಿ, ಚಾಪೆಯ ಮೇಲೆ ಕೂತು ತಾವೇ ಅರ್ಜಿ ಬರೆಯತೊಡಗುತ್ತಿದ್ದರು. ಅಜ್ಜಿಯಂದಿರ ಜೊತೆ ಮಾತು ಪೂರ್ತಿ ತುಳುವಿನಲ್ಲೇ. ಅಕ್ಷರ ಮಾತ್ರ ಭಾರೀ ಕೆಟ್ಟದು, ಶುದ್ಧಪ್ರತಿ ನಮ್ಮ ಪಾಲಿಗೆ!

ರಂಗರಾಯರ ಸಮಾಧಿ ಇರುವ ನಂದಿಗುಡ್ಡೆಗೂ ಒಮ್ಮೆ ಹೋಗಿದ್ದೆವು. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂಬ ಅವರ ಆಸೆಯನ್ನು ಸಮಾಧಿಯ ಮೇಲೆ ಬರೆದಿದೆ. ನಮ್ಮ ತರಗತಿಯಲ್ಲಿ ಮನೆಯಿಂದ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದವರು ಹಲವರಿದ್ದರು. ಅವರಲ್ಲೊಬ್ಬ ಅದನ್ನು ಗಟ್ಟಿಯಾಗಿ ಓದಿ ಹೇಳಿದ.

ನಾನೀಗ ಕಾನೂನು ನೆರವಿನ ಕೇಸುಗಳನ್ನೂ ನಡೆಸುತ್ತೇನೆ. ಕಕ್ಷಿಗಾರರಿಗೆ ವಾಯಿದೆ ದಿನ ಹೇಳುವಾಗ ಸರ್ ಕಲಿಸಿದ ಪ್ರಶ್ನೆಯನ್ನೇ ಮೊದಲು ಕೇಳುತ್ತೇನೆ: ಅವತ್ತಿನ ಕೂಲಿ ಹೋಗುತ್ತದಲ್ಲ, ಮನೆಯಲ್ಲಿ ಏನು ಮಾಡುತ್ತೀರಿ?