ಕೇಲೆಬ್ ವಿಲಿಯಮ್ಸ್ ಇದ್ದೂ ಯುಎಸ್‌ಸಿ ಯಾಕೆ ಸೋತ್ತು? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡೋ ಕನ್ನಡದೋರು ಕಮ್ಮಿ, ಆದ್ರೆ ಲಾಸ್ ಏಂಜಲೀಸ್ ಕಡೆ ಎಂಎಸ್ ಮಾಡೋಕೆ ಬಂದ ನಮ್ಮ ಹುಡುಗ್ರು ಹುಡುಗೀರಲ್ಲಿ ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ಹೆಸರು ಕೇಳದೇ ಇರೋರು ಯಾರೂ ಇಲ್ಲ, ನಾನು ಈ ಟೀಮ್ ಹಿಂದೆ ಬಿದ್ದಿರೋದು ಗೊತ್ತಿರೋ ಎಲ್ಲರೂ ಸುತ್ತಿ ಬಳಸಿ ಕೊನೆಗೆ ಇದೊಂದನ್ನೇ ಕೇಳ್ತಾರೆ: ದೇಶದಲ್ಲೇ ಬೆಸ್ಟ್ ಕ್ವಾರ್ಟರ್‌ಬ್ಯಾಕ್, ಅಂದ್ರೆ ಬಾಲ್ ಎಸೆದು ದಾಳಿ ನಡೆಸೋನು, ಕೇಲೆಬ್ ವಿಲಿಯಮ್ಸ್ ನಿಮ್ಮ ಹತ್ರ ಇದ್ದ, 2023ರಲ್ಲಿ ಮೊದಲ ಆರು ಮ್ಯಾಚ್ ಆರನ್ನೂ ಗೆದ್ರಿ, ಆಮೇಲಿನ ಆರರಲ್ಲಿ ಐದು ಸೋತ್ರಿ, ಅದು ಹೇಗೆ ಸಾಧ್ಯ? ಮಧ್ಯದಲ್ಲಿ ಏನಾಯ್ತು?

ಮಧ್ಯದಲ್ಲಿ ಏನೂ ಆಗ್ಲಿಲ್ಲ. ಇದೇ ನನ್ನ ಉತ್ತರ. ಆ ಟೀಮ್ ಅಕ್ಟೋಬರ್‌ನಲ್ಲಿ ಕೆಟ್ಟಿದ್ದಲ್ಲ, ಆಗಸ್ಟ್‌ನಲ್ಲೇ ಹಾಗಿತ್ತು, ಎದುರಿಗೆ ಆಡೋರು ಬದಲಾದ್ರು ಅಷ್ಟೇ.

ಆಟ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳ್ಬೇಕು. ನಮ್ಮೋರು ಇದನ್ನ ತಕ್ಷಣ ಆರ್‌ಸಿಬಿಗೆ ಹೋಲಿಸ್ತಾರೆ, 2016ರಲ್ಲಿ ವಿರಾಟ್ 973 ರನ್ ಹೊಡೆದೂ ಕಪ್ ಬರ್ಲಿಲ್ವಲ್ಲ ಹಾಗೆ ಅಂತಾರೆ, ಸ್ವಲ್ಪ ಮಟ್ಟಿಗೆ ಸರಿನೇ, ಆದ್ರೆ ವಿರಾಟ್ ಫೀಲ್ಡಿಂಗಲ್ಲಾದ್ರೂ ಮೈದಾನದಲ್ಲಿ ಇರ್ತಾನೆ, ಕ್ಯಾಚ್ ಹಿಡೀತಾನೆ, ಬೌಲರ್ ಹತ್ರ ಹೋಗಿ ಮಾತಾಡ್ತಾನೆ. ಇಲ್ಲಿ ಹಾಗಲ್ಲ. ಬಾಲ್ ಎದುರಾಳಿ ಕೈಗೆ ಹೋದ ಕೂಡ್ಲೇ ಕ್ವಾರ್ಟರ್‌ಬ್ಯಾಕ್ ಹೊರಗೆ ಬಂದು ಬೆಂಚ್ ಮೇಲೆ ಕೂರ್ಬೇಕು, ಬೇರೆ ಹನ್ನೊಂದು ಜನ ಒಳಗೆ ಹೋಗ್ತಾರೆ, ಅದೇ ಡಿಫೆನ್ಸ್, ಅವರು ತಡೆದ್ರೆ ತಡೆದ್ರು ಇಲ್ಲಾಂದ್ರೆ ಇಲ್ಲ, ಇವನು ಮಾಡೋಕಾಗೋದು ನೋಡೋದು ಮಾತ್ರ. ಕೇಲೆಬ್ ಆ ವರ್ಷ ನೋಡ್ತಾ ಕೂತಿದ್ದೇ ಜಾಸ್ತಿ ಕಷ್ಟದ ಕೆಲಸ ಅಂತ ನನಗನ್ಸುತ್ತೆ.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. 2021ರಲ್ಲಿ ಯುಎಸ್‌ಸಿ 4 ಗೆದ್ದು 8 ಸೋತಿತ್ತು. ಓಕ್ಲಹೋಮದಿಂದ ಲಿಂಕನ್ ರೈಲಿ ಕೋಚ್ ಆಗಿ ಬಂದ, ಅವನ ಹಿಂದೆ ಕೇಲೆಬ್ ಬಂದ, 2022ರಲ್ಲಿ 11 ಗೆಲುವು 3 ಸೋಲು. ಕೇಲೆಬ್ 42 ಟಚ್‌ಡೌನ್ ಪಾಸ್ (ಬಾಲ್ ಮೈದಾನದ ತುದಿಯ ಎಂಡ್ ಝೋನ್ ಸೇರಿದ್ರೆ ಟಚ್‌ಡೌನ್, ಆಮೇಲಿನ ಕಿಕ್ ಸೇರಿ ಸಾಮಾನ್ಯವಾಗಿ ಏಳು ಪಾಯಿಂಟ್) ಎಸೆದು ಬರೀ 5 ಇಂಟರ್‌ಸೆಪ್ಶನ್ (ಎಸೆದ ಬಾಲ್ ಎದುರಾಳಿ ಹಿಡಿಯೋದು) ಕೊಟ್ಟು ಹೈಸ್‌ಮನ್ ಟ್ರೋಫಿ ಗೆದ್ದ, ಅದು ಕಾಲೇಜ್ ಆಟಗಾರನಿಗೆ ಸಿಗೋ ಅತಿ ದೊಡ್ಡ ಗೌರವ. ಅದನ್ನ ಎರಡು ಸಲ ಗೆದ್ದೋನು ಇಡೀ ಇತಿಹಾಸದಲ್ಲಿ ಒಬ್ಬನೇ, ಓಹಾಯೋ ಸ್ಟೇಟ್‌ನ ಆರ್ಚಿ ಗ್ರಿಫಿನ್, 1974 ಮತ್ತೆ 1975. ಕೇಲೆಬ್ ಎರಡನೆಯವನಾಗ್ತಾನೆ ಅಂತ 2023ರ ಸೀಸನ್ ಶುರುವಾಗೋ ಮುಂಚೆ ಎಲ್ಲರೂ ಮಾತಾಡ್ಕೊಳ್ತಿದ್ರು, ಟೀಮ್‌ಗೆ ದೇಶದಲ್ಲಿ ಆರನೇ ರ‍್ಯಾಂಕ್ ಕೊಟ್ಟಿದ್ರು.

ಆದ್ರೆ ಆ 2022ರ ಕೊನೆ ಎರಡು ಮ್ಯಾಚ್ ನೋಡಿ. ಯೂಟಾ ವಿರುದ್ಧ 47-24 ಸೋಲು. ಆಮೇಲೆ ಸೀಸನ್ ಕೊನೆಯ ಕಾಟನ್ ಬೌಲ್ ಮ್ಯಾಚಲ್ಲಿ ಟುಲೇನ್ ವಿರುದ್ಧ, ಐದು ನಿಮಿಷಕ್ಕಿಂತ ಕಮ್ಮಿ ಇದ್ದಾಗ 45-30 ಮುಂದಿದ್ದ ಟೀಮ್ 46-45 ಸೋತ್ತು. ಎರಡು ಮ್ಯಾಚಲ್ಲಿ 93 ಪಾಯಿಂಟ್ ಬಿಟ್ಟುಕೊಟ್ರು! ಆ ವರ್ಷ ಡಿಫೆನ್ಸ್ ಉಳ್ಕೊಂಡಿದ್ದು ಎದುರಾಳಿ ಕೈಯಿಂದ ಬಾಲ್ ಕಿತ್ಕೊಳ್ಳೋದ್ರಿಂದ, ಆ ಲೆಕ್ಕದಲ್ಲಿ ದೇಶದಲ್ಲೇ ಮೇಲಿದ್ರು, ಆದ್ರೆ ಅದು ವರ್ಷಾ ವರ್ಷಾ ಬರೋ ಆದಾಯ ಅಲ್ಲ. ಕ್ವಾರ್ಟರ್‌ಬ್ಯಾಕ್‌ಗಳನ್ನ ಅಟ್ಟಾಡಿಸ್ತಿದ್ದ ಟೂಲಿ ಟುಯಿಪುಲೋಟು ಪ್ರೊಫೆಷನಲ್ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋದ. ಡಿಫೆನ್ಸ್ ಕೋಆರ್ಡಿನೇಟರ್, ಅಂದ್ರೆ ಡಿಫೆನ್ಸ್ ನೋಡ್ಕೊಳ್ಳೋ ಕೋಚ್, ಅಲೆಕ್ಸ್ ಗ್ರಿಂಚ್‌ನ ರೈಲಿ ಹಾಗೇ ಇಟ್ಕೊಂಡ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತಿ ದೊಡ್ಡ ತಪ್ಪು ಇದೇ.

ಈಗ ಆ ಆರು ಗೆಲುವಿಗೆ ಬರೋಣ. ಸ್ಯಾನ್ ಹೊಸೆ ಸ್ಟೇಟ್ 56-28, ನೆವಾಡ 66-14, ಸ್ಟ್ಯಾನ್‌ಫರ್ಡ್ 56-10, ಅರಿಝೋನ ಸ್ಟೇಟ್ 42-28. ಸ್ಕೋರ್ ನೋಡಿದ್ರೆ ಹಬ್ಬ. ಆದ್ರೆ ನೆವಾಡ ಆ ವರ್ಷ ಗೆದ್ದಿದ್ದು 2, ಸ್ಟ್ಯಾನ್‌ಫರ್ಡ್ 3, ಅರಿಝೋನ ಸ್ಟೇಟ್ 3. ಐದನೇದು ಕೊಲರಾಡೋ, ಅವರೂ ಕೊನೆಗೆ 4 ಗೆದ್ದಿದ್ದು, ಅಲ್ಲಿ ಕೇಲೆಬ್ ಆರು ಟಚ್‌ಡೌನ್ ಪಾಸ್ ಎಸೆದ, ಒಂದು ಹಂತದಲ್ಲಿ 27 ಪಾಯಿಂಟ್ ಮುಂದೆ ಇದ್ವಿ, ಮುಗಿಯೋ ಹೊತ್ತಿಗೆ 48-41. ಮುಂದಿನ ವಾರ ಅರಿಝೋನ ವಿರುದ್ಧ ಶುರುವಲ್ಲೇ 17-0 ಹಿಂದೆ, ಮೂರು ಓವರ್‌ಟೈಮ್ ಆಗಿ, ಕೊನೆಗೆ ಕೇಲೆಬ್ ತಾನೇ ಬಾಲ್ ಎತ್ಕೊಂಡು ಎಂಡ್ ಝೋನ್‌ಗೆ ನುಗ್ಗಿ 43-41. ಆವಾಗ ಎಲ್ರೂ 6-0 6-0 ಅಂತ ಕುಣೀತಿದ್ರು, ಆರರಲ್ಲಿ ಒಂದೇ ಒಂದು ಟೀಮ್ ನೆಟ್ಟಗಿತ್ತು ಅನ್ನೋದನ್ನ ಯಾರೂ ಹೇಳ್ತಿರ್ಲಿಲ್ಲ.

ಸ್ಕೋರ್‌ಗಳನ್ನ ಕೂಡಿಸಿ ನೋಡಿದ್ರೆ ಮೊದಲ ಆರು ಮ್ಯಾಚಲ್ಲಿ ಸರಾಸರಿ 27 ಪಾಯಿಂಟ್ ಬಿಟ್ಟುಕೊಟ್ಟಿದ್ದಾರೆ, ಮುಂದಿನ ಆರರಲ್ಲಿ ಸುಮಾರು 43. ಅಂದ್ರೆ ಕೇಲೆಬ್ ಪ್ರತಿ ಶನಿವಾರ ಆರು ಟಚ್‌ಡೌನ್ ಹೊಡೆಸಿದ್ರೂ ಇನ್ನೊಂದು ಪಾಯಿಂಟ್‌ಗಾಗಿ ಒದ್ದಾಡ್ಬೇಕು.

ಒಂದು ಸೋಲು ಮಾತ್ರ ಕೇಲೆಬ್‌ದೇ, ಅದನ್ನ ಮುಚ್ಚಿಡೋಕೆ ನಾನು ತಯಾರಿಲ್ಲ. ನೋಟ್ರ್ ಡೇಮ್, ಅಕ್ಟೋಬರ್ 14, 48-20. ಫಸ್ಟ್ ಹಾಫಲ್ಲೇ ಮೂರು ಇಂಟರ್‌ಸೆಪ್ಶನ್. ಇಡೀ ಸೀಸನ್ನಲ್ಲಿ ಅವನು ಕೊಟ್ಟಿದ್ದು ಐದು, ಅದ್ರಲ್ಲಿ ಮೂರು ಒಂದೇ ಹಾಫಲ್ಲಿ! ಕ್ವಾರ್ಟರ್‌ಬ್ಯಾಕ್‌ನ ಕಾಯೋ ಲೈನ್ ಒಡೆದುಹೋಗ್ತಿತ್ತು ನಿಜ, ಹಿಂದಿನ ವರ್ಷದ ಗಟ್ಟಿ ಲೈನ್‌ಮನ್‌ಗಳು ಹೋಗಿಬಿಟ್ಟಿದ್ರು, ಪಾಸ್ ಹಿಡಿಯೋ ಜೋರ್ಡನ್ ಆಡಿಸನ್ ಕೂಡ ಹೋಗಿದ್ದ, ಆದ್ರೂ ಎಸೀಬಾರದ ಬಾಲ್ ಎಸೆದ. ಅವನಿಗೆ ಬಾಲ್ ಇಟ್ಕೊಂಡು ಆಚೆ ಈಚೆ ಓಡಿ ಏನಾದ್ರೂ ಹುಟ್ಟಿಸೋ ಅಭ್ಯಾಸ, ಹತ್ತರಲ್ಲಿ ಎಂಟು ಸಲ ಅದೇ ಮ್ಯಾಜಿಕ್ ಆಗ್ತಿತ್ತು, ಅವತ್ತು ಆಗ್ಲಿಲ್ಲ.

ಆದ್ರೆ ಅದರ ಮುಂದಿನ ವಾರದ ಯೂಟಾ ಮ್ಯಾಚ್ ನೋಡಿದೋರಿಗೆ ನನ್ನ ಮಾತು ಅರ್ಥ ಆಗುತ್ತೆ. ಯೂಟಾದ ಮೇನ್ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ರೈಸಿಂಗ್‌ಗೆ ಗಾಯ, ಇಡೀ ಸೀಸನ್ ಇಲ್ಲ. ಬದಲಿಗೆ ಬ್ರೈಸನ್ ಬಾರ್ನ್ಸ್, ಹಂದಿ ಸಾಕೋ ಫಾರ್ಮ್ ಮನೆತನದ ಹುಡುಗ. ಜನ ಕಮ್ಮಿ ಬಿದ್ರು ಅಂತ ಡಿಫೆನ್ಸ್‌ನ ಸಿಯೋನೆ ವಾಕಿಯನ್ನ ಆಫೆನ್ಸಲ್ಲೂ ಆಡಿಸ್ತಿದ್ರು, ಅವನು 149 ಯಾರ್ಡ್ ಪಾಸ್ ಹಿಡಿದು ಎರಡು ಟಚ್‌ಡೌನ್ ಮಾಡಿ ಹೋದ. ಆದ್ರೂ ಕೊನೆ ಎರಡು ನಿಮಿಷದೊಳಗೆ ನಮ್ಮ ಝಕರಾಯಾ ಬ್ರಾಂಚ್ ಯೂಟಾದವರು ಒದ್ದ ಪಂಟ್ ಹಿಡ್ಕೊಂಡು ದೂರ ಓಡಿದ, ಕೇಲೆಬ್ ತಾನೇ ಓಡಿ ಟಚ್‌ಡೌನ್, 32-31 ಮುಂದೆ. ನಮ್ಮ ಮೈದಾನ ಕೊಲಿಸಿಯಂ ಅದುರಿಹೋಯ್ತು. ಈಗ ಡಿಫೆನ್ಸ್ ಮಾಡ್ಬೇಕಾಗಿದ್ದು ಇಷ್ಟೇ, ಎರಡು ನಿಮಿಷಕ್ಕಿಂತ ಕಮ್ಮಿ ಹೊತ್ತು ಒಬ್ಬ ಬದಲಿ ಕ್ವಾರ್ಟರ್‌ಬ್ಯಾಕನ್ನ ತಡೀಬೇಕು. ಅವನು ಪಾಸ್ ಹಾಕೋಕೆ ನೋಡಿದ, ಮುಂದೆ ಯಾರೂ ಇಲ್ಲ, ಬಾಲ್ ಬಗಲಿಗಿಟ್ಟು ಓಡಿದ, 26 ಯಾರ್ಡ್. ಯೂಟಾದ ಕೋಲ್ ಬೆಕರ್ 38 ಯಾರ್ಡ್ ಕಿಕ್ ಹಾಕ್ದ, ಮೂರು ಪಾಯಿಂಟ್, ಟೈಮ್ ಮುಗೀತು, 34-32.

ನವೆಂಬರ್ 4, ವಾಷಿಂಗ್ಟನ್. 42 ಪಾಯಿಂಟ್ ಹಾಕಿ ಹತ್ತರಿಂದ ಸೋತ್ವಿ, 52-42. ವಾಷಿಂಗ್ಟನ್ ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್ ಆ ವರ್ಷದ ಸ್ಟಾರ್, ಅವನು ಹೊಡೆದಿದ್ರೆ ಬೇಜಾರಿರ್ಲಿಲ್ಲ, ಆದ್ರೆ ನಮ್ಮನ್ನ ಮುಗಿಸಿದ್ದು ರನ್ನಿಂಗ್ ಬ್ಯಾಕ್ ಡಿಲನ್ ಜಾನ್ಸನ್, 256 ಯಾರ್ಡ್ ಓಡಿದ, ನಾಲ್ಕು ಟಚ್‌ಡೌನ್. ರೀಪ್ಲೇ ನಿಧಾನಕ್ಕೆ ನೋಡಿ. ಡಿಫೆಂಡರ್ ಜಾಗಕ್ಕೆ ಬಂದಿರ್ತಾನೆ, ಆದ್ರೆ ಭುಜ ಕೊಟ್ಟು ಸೊಂಟಕ್ಕೆ ಬೀಳೋದು ಬಿಟ್ಟು ಪಕ್ಕದಿಂದ ಕೈ ಚಾಚ್ತಾನೆ, ಜಾನ್ಸನ್ ಕೈ ಕೊಡವಿ ಹೋಗ್ತಾನೆ, ಹಿಂದೆ ಕೊನೆ ಕಾವಲಿಗೆ ನಿಂತ ಸೇಫ್ಟಿ, ಜಾನ್ಸನ್ ಎಲ್ಲಿಗೆ ಬರ್ತಾನೋ ಅಲ್ಲಿಗೆ ಓಡದೇ ಈಗ ಎಲ್ಲಿದಾನೋ ಅಲ್ಲಿಗೆ ಓಡ್ತಾನೆ. ಇದು ಟ್ಯಾಲೆಂಟ್ ಪ್ರಶ್ನೆ ಅಲ್ಲ, ಆ ಹುಡುಗ್ರು ಹೈಸ್ಕೂಲಲ್ಲಿ ದೊಡ್ಡ ಹೆಸರು ಮಾಡಿ ಬಂದೋರು. ಇದು ಪ್ರಾಕ್ಟೀಸಲ್ಲಿ ದಿನಾ ತಿದ್ದಬೇಕಾದ ವಿಷಯ, ಯಾರೂ ತಿದ್ದಿಲ್ಲ ಅನ್ನೋದು ಮೈದಾನದಲ್ಲೇ ಕಾಣ್ತಿತ್ತು. ಮಾರನೇ ದಿನ ಗ್ರಿಂಚ್‌ನ ತೆಗೆದ್ರು. ಹತ್ತು ತಿಂಗಳು ಲೇಟು.

ಅವತ್ತು ಮ್ಯಾಚ್ ಮುಗಿದ ಮೇಲೆ ಕೇಲೆಬ್ ಸ್ಟ್ಯಾಂಡ್ ಹತ್ರ ಹೋಗಿ ಅಮ್ಮನ್ನ ತಬ್ಕೊಂಡು ಅತ್ತ. ಅದನ್ನ ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದ್ರು, ಇವನು ಎನ್‌ಎಫ್‌ಎಲ್‌ಗೆ ಲಾಯಕ್ಕಾ ಅಂತ ಏನೇನೋ ಮಾತಾಡಿದ್ರು. ನನಗೆ ಇವತ್ತಿಗೂ ಸಿಟ್ಟು ಬರುತ್ತೆ. ಇಪ್ಪತ್ತೊಂದು ವರ್ಷದ ಹುಡುಗ, ವಾರ ವಾರ ಇಷ್ಟು ಭಾರ ಹೊತ್ತಿದಾನೆ, ಸೋತಿದ್ದಕ್ಕೆ ಅಳ್ತಾನೆ ಅಂದ್ರೆ ಅವನಿಗೆ ಆ ಸೋಲು ನಾಟಿದೆ ಅಂತ, ಅಂಥೋನು ನನ್ನ ಟೀಮಲ್ಲಿರ್ಲಿ.

ಮಿಕ್ಕಿದ್ದು ಬೇಗ ಮುಗೀತು. ವಾಷಿಂಗ್ಟನ್ ಮ್ಯಾಚಿನ ಹಿಂದಿನ ವಾರ ಕ್ಯಾಲ್ ಮೇಲೆ 50-49ರಲ್ಲಿ ಹೇಗೋ ಬಚಾವ್ ಆಗಿದ್ವಿ, ಕೊನೆಗೆ ಅವರು ಟಚ್‌ಡೌನ್ ಆದ್ಮೇಲೆ ಒಂದರ ಕಿಕ್ ಬಿಟ್ಟು ಎರಡು ಪಾಯಿಂಟ್‌ಗೆ ಪ್ರಯತ್ನ ಮಾಡಿ ಫೇಲ್ ಆಗಿದ್ರಿಂದ. ಆಮೇಲೆ ಆರೆಗನ್ 36-27. ಯುಸಿಎಲ್‌ಎ, ನಮ್ಮೂರಿನದೇ ಬದ್ಧ ವೈರಿ, ನಮ್ಮ ಮೈದಾನಕ್ಕೇ ಬಂದು 38-20, ಅವತ್ತು ಯುಎಸ್‌ಸಿ ಇಡೀ ಮ್ಯಾಚಲ್ಲಿ ಓಟದಿಂದ ಮಾಡಿದ್ದು 3 ಯಾರ್ಡ್. ಅಲ್ಲಿಗೆ 7-5. ಕೇಲೆಬ್ 30 ಟಚ್‌ಡೌನ್ ಪಾಸ್, 11 ಟಚ್‌ಡೌನ್ ತಾನೇ ಓಡಿದ್ದು, ಹೈಸ್‌ಮನ್ ಹೋಗಿದ್ದು ಎಲ್‌ಎಸ್‌ಯುನ ಜೇಡನ್ ಡೇನಿಯಲ್ಸ್‌ಗೆ. ಕೊನೆ ಮ್ಯಾಚ್ ಹಾಲಿಡೇ ಬೌಲ್, ಕೇಲೆಬ್ ಆಡ್ಲಿಲ್ಲ, ಅವನ ಜಾಗದಲ್ಲಿ ಬಂದ ಮಿಲ್ಲರ್ ಮಾಸ್ ಲೂಯಿವಿಲ್ ಮೇಲೆ ಆರು ಟಚ್‌ಡೌನ್ ಎಸೆದು 42-28 ಗೆಲ್ಲಿಸಿದ.

ಇಲ್ಲಿಗೆ ಬಂದಾಗ ಕೆಲವರು ಮಾತು ತಿರುಗಿಸ್ತಾರೆ, ನೋಡಿ ಕೇಲೆಬ್ ಇಲ್ದೇನೂ ಗೆದ್ರಲ್ಲ, ಹಾಗಾದ್ರೆ ಅವನೇ ಸಮಸ್ಯೆ ಅಂತ. ಅದಕ್ಕೆ ಉತ್ತರ 2024ರಲ್ಲಿದೆ. ಯುಎಸ್‌ಸಿ ಯುಸಿಎಲ್‌ಎ ಇಂದಾನೇ ಡಿ'ಆಂಟನ್ ಲಿನ್ ಅನ್ನೋ ಕೋಆರ್ಡಿನೇಟರನ್ನ ಕರ್ಕೊಂಡು ಬಂತು, ಮ್ಯಾಚಿಗೆ 34ರಷ್ಟು ಬಿಡ್ತಿದ್ದ ಡಿಫೆನ್ಸ್ 24ರ ಹತ್ರಕ್ಕೆ ಇಳೀತು, ಅದೂ ಇನ್ನೂ ಕಷ್ಟದ ಕಾಲೇಜ್ ಟೀಮ್‌ಗಳ ಗುಂಪು ಬಿಗ್ ಟೆನ್‌ಗೆ ಸೇರಿದ ಮೊದಲ ವರ್ಷವೇ. ಆದ್ರೂ 7 ಗೆಲುವು 6 ಸೋಲು. ಯಾಕಂದ್ರೆ ಈಗ ಕೊನೆ ನಿಮಿಷದಲ್ಲಿ ಮ್ಯಾಚ್ ಕಿತ್ಕೊಂಡು ಬರೋನು ಶಿಕಾಗೋಗೆ ಹೋಗಿದ್ದ, ಅಲ್ಲಿನ ಎನ್‌ಎಫ್‌ಎಲ್ ಟೀಮ್ ಬೇರ್ಸ್, ಕಾಲೇಜ್ ಆಟಗಾರರನ್ನ ಆರಿಸ್ಕೊಳ್ಳೋ ಡ್ರಾಫ್ಟ್‌ನಲ್ಲಿ ಅವನನ್ನ ಮೊದಲನೆಯವನಾಗಿ ತಗೊಂಡ್ರು. ಮಿಷಿಗನ್‌ಗೆ 27-24, ಮೇರಿಲ್ಯಾಂಡ್‌ಗೆ 29-28, ಪೆನ್ ಸ್ಟೇಟ್‌ಗೆ ಓವರ್‌ಟೈಮಲ್ಲಿ 33-30, ಈ ಮೂರರಲ್ಲಿ ಎರಡಾದ್ರೂ ಕೇಲೆಬ್ ಇದ್ದಿದ್ರೆ ನಮ್ಮದಾಗ್ತಿತ್ತು ಅಂತ ನಾನು ಪೂರ್ತಿ ನಂಬ್ತೀನಿ, ಯಾರು ಬೇಕಾದ್ರೂ ಬನ್ನಿ, ಮೂರೂ ಮ್ಯಾಚಿನ ಕೊನೆ ಕ್ವಾರ್ಟರ್ ಹಾಕ್ಕೊಂಡು ಕೂತು ವಾದ ಮಾಡೋಣ.