ಅಷ್ಟೂರಿನ ಕೆಂಪು

ಇಂದು ಬೆಳಿಗ್ಗೆ ಬೀದರಿನಿಂದ ಅಷ್ಟೂರಿಗೆ ಹೋಗಿ ಅಹಮದ್ ಷಾ ವಲಿಯ ಗುಮ್ಮಟದೊಳಗೆ ಬಹಳ ಹೊತ್ತು ಕುಳಿತಿದ್ದೆ. ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ಚಾವಣಿಯ ಕೆಂಪು, ಹೊನ್ನಿನ ಬಣ್ಣ, ಬಳ್ಳಿ, ಅಕ್ಷರಗಳು ಒಂದೊಂದಾಗಿ ಎದ್ದುಬಂದವು. ಪಕ್ಕದಲ್ಲಿ ಅಜ್ಜಿಯೊಬ್ಬರು ‘ಅಲ್ಲಮಪ್ರಭುವೇ’ ಎಂದು ಕೈಮುಗಿದರು. ಇನ್ನೊಬ್ಬರು ಫಾತಿಹಾ ಓದುತ್ತಿದ್ದರು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನನ ಮುಂದೆ ಎರಡೂ ಮೊರೆ ಒಟ್ಟಿಗೆ! ನನ್ನ ಎದೆ ತುಂಬಿ ಬಂತು.

ಹೊರಗೆ ಬಂದರೆ ಅದೇ ಕೆಂಪು ನಮ್ಮ ಜಂಬಿಟ್ಟಿಗೆಯ ನೆಲದಲ್ಲಿ ಹರಡಿಕೊಂಡಿತ್ತು. ಬಿದರಿ ಪಾತ್ರೆಗೆ ಆ ಕಪ್ಪು ಕೊಡುವುದೂ ಇಲ್ಲಿನ ಕೋಟೆಯ ಮಣ್ಣೇ ಅಲ್ಲವೇ? ಇಷ್ಟು ವರ್ಷ ನಾನು ಬಣ್ಣಕ್ಕಾಗಿ ಹೈದರಾಬಾದಿನ ಅಂಗಡಿಗಳನ್ನು ಅಲೆದೆ.

ಸಂಜೆ ಒಂದು ಹಿಡಿ ಮಣ್ಣು ಸೋಸಿ, ಜಾಲಿ ಅಂಟು ಬೆರೆಸಿ ಕಾಗದಕ್ಕೆ ಹಚ್ಚಿದ್ದೇನೆ. ಇನ್ನೂ ಒಣಗಿಲ್ಲ.